ಹೃದಯದ ಸ್ನಾಯು ಉಳಿಸುವುದು ಹೇಗೆ? ಶಕ್ತಿಯ ಲೆಕ್ಕ ಗೊತ್ತಿರಲಿ

ಎದೆ ಹಿಂಡಿದಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಜಾಸ್ತಿ. ಆ ಹೊತ್ತಿನಲ್ಲಿ ಹೃದಯದ ಸ್ನಾಯುವಿನೊಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಯಾರೂ ಹಾಗೆ ಮಲಗುವುದಿಲ್ಲ.

1. ಖರ್ಚು ಎಷ್ಟು?

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಎಟಿಪಿ ಎಂಬ ಶಕ್ತಿಯ ಅಣುಗಳು ಬೇಕು. ಅವುಗಳ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಹೃದಯದ್ದು ದಿನಗೂಲಿಯವರ ಬದುಕು, ದುಡಿದದ್ದು ಆಗಲೇ ಖರ್ಚು. ಶೇ 60ರಿಂದ 70ರಷ್ಟು ಶಕ್ತಿ ಕೊಬ್ಬಿನಿಂದ ಬರುತ್ತದೆ. ಉಳಿದದ್ದು ಗ್ಲೂಕೋಸ್, ಲ್ಯಾಕ್ಟೇಟ್ ಮುಂತಾದವುಗಳಿಂದ. ಅಷ್ಟೇ ಎಟಿಪಿ ತಯಾರಿಸಲು ಗ್ಲೂಕೋಸ್‌ಗಿಂತ ಕೊಬ್ಬಿಗೆ ಆಮ್ಲಜನಕ ಸ್ವಲ್ಪ ಜಾಸ್ತಿ ಬೇಕು.

2. ರಕ್ತ ನಿಂತರೆ?

ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಕಟ್ಟಿಕೊಳ್ಳುವುದು. ಹಾಗೆ ಕಟ್ಟಿಕೊಂಡ ಸುಮಾರು ಒಂದು ನಿಮಿಷದೊಳಗೆ ಆ ಭಾಗ ಹಿಂಡುವುದನ್ನೇ ಬಿಡುತ್ತದೆ. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ 30ರಷ್ಟು ಎಟಿಪಿ ಸಿಗುತ್ತಿತ್ತು. ಈಗ ಸಿಗುವುದು ಎರಡೇ. ಜೊತೆಗೆ ಆಮ್ಲ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕುವ ಭರದಲ್ಲಿ ಕೋಶದೊಳಗೆ ಸೋಡಿಯಂ ನುಗ್ಗುತ್ತದೆ, ಅದರ ಬೆನ್ನಿಗೇ ಕ್ಯಾಲ್ಸಿಯಂ. 20 ನಿಮಿಷದ ಸುಮಾರಿಗೆ ಕೋಶಗಳು ಸಾಯಲು ಶುರುವಾಗುತ್ತವೆ. ಸಾವು ಹೃದಯದ ಗೋಡೆಯ ಒಳಪದರದಲ್ಲಿ ಮೊದಲಾಗಿ, ಗಂಟೆಗಳ ಅವಧಿಯಲ್ಲಿ ಹೊರಕ್ಕೆ ಹರಡುತ್ತದೆ. ನಮಗೆ ಸಿಗುವ ಅವಕಾಶ ಈ ಗಂಟೆಗಳೇ.

3. ಖರ್ಚು ಇಳಿಸುವುದು

1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಮರ್ರಿ, ಜೆನಿಂಗ್ಸ್ ಮತ್ತು ರೈಮರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಐದೈದು ನಿಮಿಷದಂತೆ ನಾಲ್ಕು ಸಲ ಹೃದಯದ ಒಂದು ನಾಳದಲ್ಲಿ ರಕ್ತ ತಡೆದು, ಮತ್ತೆ ಹರಿಯಲು ಬಿಟ್ಟರು. ಆಮೇಲೆ 40 ನಿಮಿಷ ತಡೆದರು. ಗಾಯ ದೊಡ್ಡದಾಗಬೇಕಿತ್ತು ಅಲ್ವಾ? ಆದದ್ದು, ನೇರವಾಗಿ 40 ನಿಮಿಷ ರಕ್ತ ತಡೆದ ನಾಯಿಗಳಲ್ಲಿ ಆದದ್ದರ ಕಾಲು ಭಾಗದಷ್ಟೇ. ಸಣ್ಣ ಕೊರತೆ ಕಂಡ ಸ್ನಾಯು ಎಟಿಪಿಯನ್ನು ನಿಧಾನವಾಗಿ ಖರ್ಚು ಮಾಡಿತ್ತು. ನನಗೆ ಇದು ಹೃದಯ ವಿಜ್ಞಾನದ ಅತಿ ಸೊಗಸಾದ ಕಂಡುಕೊಳ್ಳುವಿಕೆಗಳಲ್ಲಿ ಒಂದು.

ಆದರೆ ಆಸ್ಪತ್ರೆಯ ಮಂಚಕ್ಕೆ ಬಂದಾಗ ಕಥೆ ಬೇರೆ. ತೋಳಿಗೆ ಬಿಪಿ ಪಟ್ಟಿ ಬಿಗಿದು ಸಡಿಲಿಸಿ ಇದೇ ರಕ್ಷಣೆ ಕೊಡಲು ನೋಡಿದರು. 5,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಸೇರಿಸಿ ಕೊಟ್ಟ ಡ್ರಿಪ್ ಸಹ 2005ರಲ್ಲಿ ಪ್ರಕಟವಾದ, ಭಾರತದವರೂ ಇದ್ದ 20,000 ರೋಗಿಗಳ ಅಧ್ಯಯನದಲ್ಲಿ ಸಾವು ತಗ್ಗಿಸಲಿಲ್ಲ. ಖರ್ಚು ಇಳಿಸುವ ಉಪಾಯ ಚೆನ್ನಾಗಿ ಫಲಿಸಿರುವುದು ಆಪರೇಷನ್ ಥಿಯೇಟರಿನಲ್ಲಿ. ಅಲ್ಲಿ ಪೊಟ್ಯಾಸಿಯಂ ದ್ರಾವಣ ಕೊಟ್ಟು ಹೃದಯದ ಬಡಿತವನ್ನೇ ನಿಲ್ಲಿಸುತ್ತಾರೆ.

4. ನೀವು ಮಾಡಬೇಕಾದದ್ದು

ಎದೆನೋವು ಬಂದರೆ ನಡೆಯಬೇಡಿ, ಮೆಟ್ಟಿಲು ಹತ್ತಬೇಡಿ, ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಸುಮ್ನೆ ಕೂತರೂ ಹೃದಯದ ಖರ್ಚು ಇಳಿಯುತ್ತದೆ. 108ಕ್ಕೆ ಕರೆ ಮಾಡಿ. ಇಸಿಜಿ ಆಗಲೇಬೇಕು.

ದೊಡ್ಡ ಆಸ್ಪತ್ರೆ ದೂರ ಎಂದು ಕಾಯಬೇಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಇಂಥ ಇಂಜೆಕ್ಷನ್ನನ್ನೇ ಮೊದಲು ಯೋಚಿಸುತ್ತಾರೆ. ಅದು ಕೆಲಸ ಮಾಡಿದರೂ ಮನೆಗೆ ಹೊರಡುವಂತಿಲ್ಲ. 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿಸಬೇಕಾಗುತ್ತದೆ.