ಓಪಿಡಿ ಬಿಟ್ಟು ವಾರ್ಡಿಗೆ: ಗೋವಾದಲ್ಲಿ ಸೈಕಾಲಜಿ ಇಂಟರ್ನ್‌ಗಳ ತರಬೇತಿ, ನನ್ನ ಅನುಭವ

ಡಾಕ್ಟರೇಟ್ ಹಂತದ ಕ್ಲಿನಿಕಲ್ ಸೈಕಾಲಜಿ ಇಂಟರ್ನ್‌ಗಳನ್ನು ಸೈಕಿಯಾಟ್ರಿ ಓಪಿಡಿಯಲ್ಲಿ ಕೂರಿಸದೆ ಮೆಡಿಸಿನ್, ಆರ್ಥೋ, ಡಯಾಲಿಸಿಸ್ ವಾರ್ಡುಗಳಲ್ಲಿ ಕೂರಿಸಿ, ರೋಗಿಯ ಮಾತು ರೆಕಾರ್ಡ್ ಮಾಡಿಕೊಂಡು, ಅದರ ಮೇಲೆ ಸೂಪರ್‌ವಿಷನ್ (ಹಿರಿಯರ ಮಾರ್ಗದರ್ಶನ) ಕೊಡಬೇಕು ಎಂದು ನಾವು ಹೇಳಿದಾಗ ಮೂರು ಆಕ್ಷೇಪ ಬಂದವು. ವಾರ್ಡಿನ ಡಾಕ್ಟರರು ರೋಗಿಗಳನ್ನು ನಮ್ಮ ಕಡೆ ರೆಫರ್ ಮಾಡುವುದಿಲ್ಲ. ಕೂಲಿ ಜನ ರೆಕಾರ್ಡಿಂಗಿಗೆ ಒಪ್ಪುವುದಿಲ್ಲ. ಟೆಸ್ಟಿಂಗ್ (ಬುದ್ಧಿ, ವ್ಯಕ್ತಿತ್ವ ಅಳೆಯುವ ಪರೀಕ್ಷೆ) ಕಲಿಯದೆ ಹುಡುಗರು ಹಾಗೇ ಹೊರಗೆ ಹೋಗುತ್ತಾರೆ. ಈಗ ಮೂರನೇ ಬ್ಯಾಚ್ ಮುಗಿದಿದೆ. ಮೊದಲ ಎರಡು ಆಕ್ಷೇಪ ಪೂರ್ತಿ ಸುಳ್ಳಾದವು, ಮೂರನೆಯದು ಅರ್ಧ ನಿಜವಾಯಿತು. ಅದನ್ನೂ ಬರೆಯುತ್ತೇನೆ.

ಗೋವಾದ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆ ಹಿನ್ನೆಲೆ ಹೇಳಬೇಕಿಲ್ಲ. ಕನ್ನಡದ ಕೂಲಿ ಜನ ನೆಲೆಸಿರುವ ಬೈನಾ, ಜುವಾರಿನಗರ, ಚಿಂಬೆಲ್ ಕಡೆಯಿಂದ ಬರುವ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಮಂದಿಯ ಹಿಸ್ಟರಿ (ರೋಗದ ವಿವರ ಕೇಳುವುದು) ಹಿಂದಿಯಲ್ಲೇ ನಡೆಯುತ್ತದೆ. ರೋಗಿಗೆ ಬರುವುದು ಸೈಟಿನ ಹಿಂದಿ: ಸಿಮೆಂಟು, ಪಗಾರ, ರಜೆ ಇಷ್ಟಕ್ಕೇ ಸಾಕಾಗುವ ಹಿಂದಿ. ಎದೆಯೊಳಗಿನ ಸಂಕಟ ಹೇಳಲು ಅದು ಸಾಲದು. ಹೀಗಾಗಿ ಕೇಸ್ ಶೀಟಿನಲ್ಲಿ ‘ಮೈಕೈ ನೋವು, ಹದಿನೈದು ದಿನದಿಂದ’ ಎಂದಷ್ಟೇ ಉಳಿಯುತ್ತದೆ. ಕನ್ನಡ ಬಲ್ಲ ಇಂಟರ್ನ್ ಒಬ್ಬರು ಆ ಹಾಸಿಗೆಯ ಪಕ್ಕ ಕೂತರೆ ಏನಾಗುತ್ತದೆ ಎನ್ನುವುದರ ಮೇಲೆಯೇ ಈ ಇಡೀ ಪದ್ಧತಿ ನಿಂತಿದೆ.

ಗಂಟೆಗಳ ಲೆಕ್ಕ ಮೊದಲು. ಅಮೆರಿಕದ ಸೈಕಾಲಜಿಸ್ಟರ ಸಂಘ ಎಪಿಎಯ ಮಾನದಂಡ ಪೂರ್ಣಾವಧಿ ಇಂಟರ್ನ್‌ಗೆ ವಾರಕ್ಕೆ ಕನಿಷ್ಠ 4 ಗಂಟೆ ಸೂಪರ್‌ವಿಷನ್ ಕೇಳುತ್ತದೆ, ಅದರಲ್ಲಿ 2 ಗಂಟೆ ಒಬ್ಬರಿಗೊಬ್ಬರು ಕೂತು. ನಮ್ಮ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಲಾಗ್‌ಬುಕ್ಕಿಗೆ ಇದರ ಸಂಬಂಧವಿಲ್ಲ, ಆದರೂ ಈ ನಾಲ್ಕು ಗಂಟೆಯನ್ನು ಹಾಗೇ ಎತ್ತಿಕೊಂಡೆವು. ಮೂರು ಇಂಟರ್ನ್ ಇದ್ದರೆ ಸೂಪರ್‌ವೈಸರ್‌ಗೆ ಒಬ್ಬೊಬ್ಬರಂತೆ 6 ಗಂಟೆ, ಗುಂಪಿನಲ್ಲಿ 2, ಒಟ್ಟು 8. ನಾಲ್ಕನೆಯವರನ್ನು ತೆಗೆದುಕೊಂಡರೆ 10 ಆಗುತ್ತದೆ, ಆಗ ಸೂಪರ್‌ವೈಸರ್ ರೆಕಾರ್ಡಿಂಗ್ ಕೇಳುವುದನ್ನು ಬಿಡುತ್ತಾರೆ, ಅಲ್ಲಿಗೆ ಪದ್ಧತಿ ಸತ್ತಿತು. ಮೊದಲ ಬ್ಯಾಚಿನಲ್ಲಿ ಐದು ಜನರನ್ನು ತುಂಬಿಕೊಂಡದ್ದೇ ದೊಡ್ಡ ತಪ್ಪು. ಮೂರಕ್ಕೆ ನಿಲ್ಲಿಸಿ.

ರೆಫರಲ್ ವಿಷಯ. ಮೊದಲ ಮೂರು ತಿಂಗಳು ಇಂಟರ್ನ್‌ಗಳು ತಮ್ಮ ಕೋಣೆಯಲ್ಲಿ ಕೂತು ಫೋನಿಗಾಗಿ ಕಾದರು. ತಿಂಗಳಿಗೆ ಆರೋ ಏಳೋ ರೆಫರಲ್, ಅದರಲ್ಲೂ ಅರ್ಧ ‘ರೋಗಿ ಸಹಕರಿಸುತ್ತಿಲ್ಲ’ ಎಂಬ ಚೀಟಿ. ಕೋಣೆಯ ಬೀಗ ಹಾಕಿ, ನರ್ಸಿಂಗ್ ಸ್ಟೇಷನ್ನಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ಒಬ್ಬ ಇಂಟರ್ನ್, ಒಂದು ವಾರ್ಡು, ನಾಲ್ಕು ತಿಂಗಳು, ಬೆಳಿಗ್ಗೆ 8ಕ್ಕೆ ರೌಂಡಿನ ಜೊತೆ. ತಿಂಗಳಿಗೊಂದು ವಾರ್ಡು ಬದಲಿಸುವ ರೊಟೇಷನ್ ಇಲ್ಲಿ ನಡೆಯುವುದಿಲ್ಲ: ಸಿಸ್ಟರ್‌ಗೆ ಹೆಸರು ಬಾಯಿಗೆ ಬರುವುದಕ್ಕೇ ಮೂರು ವಾರ ಹಿಡಿಯುತ್ತದೆ, ಆಮೇಲೆ ವಾರ್ಡು ಬದಲಾದರೆ ಎಲ್ಲ ಮೊದಲಿನಿಂದ. ರೆಫರಲ್ ನಿಜವಾಗಿ ಬರುವುದು ಸಿಸ್ಟರ್‌ಗಳಿಂದ. ರಾತ್ರಿ ಯಾರು ಅತ್ತರು, ಯಾರು ಊಟ ವಾಪಸ್ ಕಳಿಸಿದರು ಎನ್ನುವುದು ಅವರಿಗೆ ಮಾತ್ರ ಗೊತ್ತು. ಕುರ್ಚಿ ಹಾಕಿದ ನಂತರ ಐದಾರು ತಿಂಗಳಲ್ಲಿ ರೆಫರಲ್ ತಿಂಗಳಿಗೆ ಐವತ್ತರ ಮೇಲೆ ಹೋಯಿತು. ಬೇಡವೆಂದವರ ವಾರ್ಡಿನಿಂದಲೇ ಈಗ ಕುರ್ಚಿ ಕೇಳಿಕೊಂಡು ಬಂದಿದ್ದಾರೆ.

ಎರಡನೇ ತೊಡಕು ರಿಪೋರ್ಟು. ಆರು ಪುಟದ ರಿಪೋರ್ಟನ್ನು ಆರ್ಥೋ ಡಾಕ್ಟರು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಕೇಸ್ ಶೀಟಿನಲ್ಲಿ ಐದು ಸಾಲು, ಅದೇ ದಿನ, ಮಧ್ಯಾಹ್ನ 2ರೊಳಗೆ. ಮೊದಲ ಸಾಲಿನಲ್ಲಿ ಅವರು ಕೇಳಿದ ಪ್ರಶ್ನೆಗೆ ನೇರ ಉತ್ತರ. ಎರಡರಲ್ಲಿ ಅದಕ್ಕೆ ಆಧಾರ. ಮೂರರಲ್ಲಿ ಜೀವಕ್ಕೆ ಅಪಾಯ ಇದೆಯೇ ಇಲ್ಲವೇ. ನಾಲ್ಕರಲ್ಲಿ ವಾರ್ಡಿನವರು ಇವತ್ತು ಮಾಡಬೇಕಾದ ಒಂದೇ ಒಂದು ಕೆಲಸ. ಐದರಲ್ಲಿ ನಾವು ಮತ್ತೆ ಯಾವಾಗ ಬರುತ್ತೇವೆ. ಮಾದರಿ ಹೀಗೆ: ‘ಇನ್ಸುಲಿನ್ ಬೇಡವೆನ್ನುವುದು ಹಟದಿಂದಲ್ಲ, ಅಣ್ಣ ಸೂಜಿ ಶುರುಮಾಡಿದ ವರ್ಷವೇ ಕಾಲು ಕತ್ತರಿಸಿದರೆಂಬ ಭಯದಿಂದ. ಮನಸ್ಥಿತಿ ಪರೀಕ್ಷೆಯಲ್ಲಿ ಬೇರೆ ದೋಷವಿಲ್ಲ. ಆತ್ಮಹತ್ಯೆಯ ಯೋಚನೆ ಕೇಳಲಾಗಿದೆ, ಇಲ್ಲ. ಕಾಲು ಹೋದದ್ದು ಸೂಜಿಯಿಂದಲ್ಲ, ಸಕ್ಕರೆಯಿಂದ ಎಂದು ಡಾಕ್ಟರರೇ ಒಮ್ಮೆ ಕನ್ನಡ ಬಲ್ಲ ಸಿಸ್ಟರ್ ಮೂಲಕ ಹೇಳಬೇಕು. ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇವೆ.’ ಇಷ್ಟೇ. ಇದನ್ನು ಬರೆಯಲು ಇಂಟರ್ನ್‌ಗೆ ಎರಡು ತಿಂಗಳ ಅಭ್ಯಾಸ ಬೇಕು; ಆರು ಪುಟ ಬರೆಯುವುದಕ್ಕಿಂತ ಇದು ಕಷ್ಟ.

ಆರ್ಥೋ ವಾರ್ಡಿನಲ್ಲಿ ಮೊದಲ ವಾರವೇ ಕಲಿಸಬೇಕಾದ್ದು ಕುಡಿತ ನಿಂತಾಗ ಬರುವ ಡೆಲಿರಿಯಂ (ಗೊಂದಲ, ಭ್ರಮೆ). ಸೈಟಿನಲ್ಲಿ ಬಿದ್ದು ಕಾಲು ಮುರಿದವನು ಅಡ್ಮಿಟ್ ಆದ ಮೇಲೆ ಕುಡಿತ ತಾನಾಗಿ ನಿಂತಿರುತ್ತದೆ. ಕೊನೆಯ ಗುಟುಕಿನಿಂದ ಸುಮಾರು 48ರಿಂದ 96 ಗಂಟೆಯೊಳಗೆ ನಡುಕ, ಬೆವರು, ಗೋಡೆಯ ಮೇಲೆ ಹುಳ ಕಾಣುವುದು, ಮುರಿದ ಕಾಲಿಗೆ ತೂಕ ಕಟ್ಟಿದ ಟ್ರ್ಯಾಕ್ಷನ್ ಕಿತ್ತುಹಾಕುವುದು. ಚೀಟಿಯಲ್ಲಿ ‘ಜಗಳಗಂಟ, ಕೌನ್ಸೆಲಿಂಗ್ ಬೇಕು’ ಎಂದಿರುತ್ತದೆ. ಇದು ಕೌನ್ಸೆಲಿಂಗ್ ಅಲ್ಲ, ಎಮರ್ಜೆನ್ಸಿ. ಒಬ್ಬ ಇಂಟರ್ನ್ ಇಂಥವರ ಜೊತೆ ಮುಕ್ಕಾಲು ಗಂಟೆ ಸಮಾಧಾನದ ಮಾತಾಡಿದ ರೆಕಾರ್ಡಿಂಗ್ ನಮ್ಮಲ್ಲಿತ್ತು. ಹತ್ತನೇ ನಿಮಿಷಕ್ಕೇ ಡ್ಯೂಟಿ ಡಾಕ್ಟರರನ್ನು ಕರೆಯಬೇಕಿತ್ತು. ಅಂದಿನಿಂದ ನಿಯಮ: ಯಾವ ರೋಗಿಯಾದರೂ ಸರಿ, ಮೊದಲು ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಮನೆಯವರನ್ನು ಕೇಳಬೇಕು, ಆಮೇಲೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಬೇಕು. ತಾರೀಖು ಕೇಳಬೇಡಿ, ಆರಾಮ ಇದ್ದವರಿಗೂ ಗೊತ್ತಿರುವುದಿಲ್ಲ. ‘ಪಂಚಮಿ ಆತೇನ್ರಿ? ಅಮಾಸಿ ಯಾವಾಗ ಆತು? ನಿಮ್ಮೂರ ಸಂತಿ ಯಾವ ವಾರ?’ ಇದಕ್ಕೆ ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರರ ಹತ್ತಿರ ಓಡಬೇಕು.

ಇನ್ನು ಭಾಷೆ. ನಮ್ಮ ಇಂಟರ್ನ್‌ಗಳಲ್ಲಿ ಮಂಗಳೂರಿನವರೂ ಬೆಂಗಳೂರಿನವರೂ ಇದ್ದರು. ಕನ್ನಡ ಬರುತ್ತದೆ ಎಂಬ ಧೈರ್ಯವೇ ಮೊದಲ ತಿಂಗಳು ಅವರಿಗೆ ಮುಳುವಾಯಿತು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆ ಹಿಡಿದು ‘ಖಿನ್ನತೆ’ ಎಂದರೆ ಇಂಡಿ ತಾಲೂಕಿನ ಅವ್ವನಿಗೆ ಏನೂ ತಿಳಿಯುವುದಿಲ್ಲ, ಮರ್ಯಾದೆಗೆ ‘ಇಲ್ರಿ’ ಎನ್ನುತ್ತಾಳೆ, ಸ್ಕೋರು ಸೊನ್ನೆ. ಅಚ್ಚಾದ ವಾಕ್ಯ ಬದಲಿಸಿದರೆ ಸ್ಕೋರಿಗೆ ಬೆಲೆಯಿಲ್ಲ ಎಂಬ ವಾದವೂ ಸರಿಯೇ. ಕೊನೆಗೆ ಕೈಗೊಂಡ ದಾರಿ: ಅಚ್ಚಾದ ವಾಕ್ಯವನ್ನು ಹಾಗೇ ಒಮ್ಮೆ ಓದುವುದು, ತಿಳಿಯದಿದ್ದರೆ ಅವರ ಮಾತಿನಲ್ಲಿ ಬಿಡಿಸಿ ಹೇಳುವುದು, ಬಿಡಿಸಿ ಹೇಳಿದ ಪ್ರಶ್ನೆಯ ಮುಂದೆ ಪೆನ್ಸಿಲಿನಲ್ಲಿ ‘ವಿ’ ಎಂದು ಗುರುತಿಡುವುದು. ಒಂಬತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ‘ವಿ’ ಬಿದ್ದರೆ ಒಟ್ಟು ಅಂಕ ಬರೆಯುವುದಿಲ್ಲ, ಲಕ್ಷಣಗಳನ್ನಷ್ಟೇ ಬರೆಯುತ್ತೇವೆ.

ಅಂಕ ಸಿಕ್ಕಾಗಲೂ ಎಚ್ಚರ ಬೇಕು. ಡಯಾಲಿಸಿಸ್ ರೋಗಿಗೆ ನಿದ್ದೆ, ಸುಸ್ತು, ಊಟದ ಮೂರು ಪ್ರಶ್ನೆಗಳಲ್ಲೇ 7-8 ಅಂಕ ಬಂದುಬಿಡುತ್ತದೆ, ಅದು ಕಿಡ್ನಿಯದ್ದು. 27ರಲ್ಲಿ 10 ದಾಟಿತು ಎಂದು ಡಿಪ್ರೆಷನ್ ಬರೆದರೆ ಡಾಕ್ಟರರ ನಂಬಿಕೆ ಹೋಗುತ್ತದೆ. ಮೊದಲ ಎರಡು ಪ್ರಶ್ನೆ (ಆಸಕ್ತಿ ಹೋಗಿರುವುದು, ಬೇಸರ) ಮತ್ತು ಆರನೆಯದನ್ನು (ತನ್ನ ಬಗ್ಗೆಯೇ ಕೀಳು ಭಾವನೆ) ಪ್ರತ್ಯೇಕ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಯಲ್ಲಿ. ‘ಸಾಕಾಗೇದರೀ ಜೀವ’ ಎನ್ನುವ ಮಾತು ದಣಿವಿನದ್ದೂ ಆಗಬಹುದು, ಸಾವಿನದ್ದೂ ಆಗಬಹುದು. ಒಂದೇ ವಾರದಲ್ಲಿ ಇಬ್ಬರು ಇಂಟರ್ನ್‌ಗಳು ಇದೇ ಮಾತನ್ನು ಎರಡು ಕಡೆ ಎಣಿಸಿದ್ದರು, ಒಬ್ಬರು ಸುಸ್ತಿನ ನಾಲ್ಕನೇ ಪ್ರಶ್ನೆಗೆ, ಒಬ್ಬರು ಒಂಬತ್ತಕ್ಕೆ. ಈಗ ಎಲ್ಲರೂ ಕಡ್ಡಾಯವಾಗಿ ಕೇಳುವ ಮುಂದಿನ ಮಾತು: ‘ಸಾಕಾಗೇದ ಅಂದ್ರ ಹೆಂಗರೀ ಅವ್ವಾ? ದಣದೀರೋ, ಇಲ್ಲಾ ಇರೂದ ಬ್ಯಾಡ ಅನಸ್ತದೋ?’ ಎರಡನೆಯದಕ್ಕೆ ತಲೆಯಾಡಿಸಿದರೆ ಇಂಟರ್ನ್ ಹಾಸಿಗೆ ಬಿಟ್ಟು ಕದಲಬಾರದು, ಸಿಸ್ಟರ್‌ಗೆ ಕೈಸನ್ನೆ ಮಾಡಿ ಸೂಪರ್‌ವೈಸರ್‌ಗೆ ಫೋನ್ ಹಚ್ಚಿಸಬೇಕು. ಡಿಸ್ಚಾರ್ಜ್ ಚೀಟಿಯ ಹಿಂಬದಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ದಪ್ಪಕ್ಷರದಲ್ಲಿ ಬರೆದುಕೊಡುತ್ತೇವೆ, ಕನ್ನಡದಲ್ಲೂ ಮಾತಾಡಬಹುದು ಎಂದು ಬಾಯಲ್ಲೂ ಹೇಳುತ್ತೇವೆ. ವಿಷ ಕುಡಿದು ಬಂದವರ ಮನೆಯವರಿಗೆ ಪೊಲೀಸ್ ಕೇಸಿನದೇ ಹೆದರಿಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಎರಡೇ ವಾಕ್ಯದಲ್ಲಿ ಇದನ್ನು ಹೇಳಿದರೆ ಬಾಯಿ ಬಿಡುತ್ತಾರೆ.

ರೆಕಾರ್ಡಿಂಗ್ ಮತ್ತು ದುಡ್ಡು. ಮೊದಲು ಮೊಬೈಲಿನಲ್ಲಿ ಮಾಡಿಸಿದೆವು, ಒಬ್ಬರು ಸೂಪರ್‌ವಿಷನ್ನಿಗೆಂದು ವಾಟ್ಸಾಪಿನಲ್ಲಿ ಕಳಿಸಿಬಿಟ್ಟರು. ಅದೇ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕಿನದು. ಅವತ್ತೇ ಮೊಬೈಲ್ ನಿಲ್ಲಿಸಿದೆವು. ನೆಟ್ ಇಲ್ಲದ ಸಾದಾ ವಾಯ್ಸ್ ರೆಕಾರ್ಡರ್ ಮೂರು, ತಲಾ ಐದು ಸಾವಿರದ ಆಸುಪಾಸು. ವಾರ್ಡಿನ ಫ್ಯಾನ್ ಸದ್ದಿಗೆ ಏನೂ ಕೇಳದೆ ಆಮೇಲೆ ಕಾಲರ್ ಮೈಕ್ ತಂದೆವು, ತಲಾ ಎಂಟು ನೂರೋ ಒಂಬೈನೂರೋ. ಮೈಕನ್ನು ಇಂಟರ್ನ್ ಕೊರಳಿಗಲ್ಲ, ದಿಂಬಿನ ಅಂಚಿಗೆ ಸಿಕ್ಕಿಸಬೇಕು. ಬೀಗದ ಸ್ಟೀಲ್ ಡಬ್ಬಿ, ಜೆರಾಕ್ಸ್, ಬ್ಯಾಟರಿ ಸೇರಿ ವರ್ಷಕ್ಕೆ ಮೂವತ್ತು ಸಾವಿರದೊಳಗೆ ಮುಗಿಯಿತು. ಇದಕ್ಕೂ ಮೊದಲು ನಲವತ್ತು ಸಾವಿರಕ್ಕೂ ಮೇಲೆ ಸುರಿದು ತರಿಸಿದ ಇಂಗ್ಲಿಷ್ ಟೆಸ್ಟ್ ಕಿಟ್ ಕಪಾಟಿನಲ್ಲೇ ಕೂತಿದೆ. ಆ ದುಡ್ಡು ಸ್ಟೈಪೆಂಡಿಗೆ ಹೋಗಬೇಕಿತ್ತು, ಈಗಲೂ ಹೊಟ್ಟೆ ಉರಿಯುತ್ತದೆ.

ಒಪ್ಪಿಗೆ ಪತ್ರ ಬೇರೆ ಹಾಳೆಯಲ್ಲಿ, ಕನ್ನಡದಲ್ಲಿ, ಎಂಟು ಸಾಲು. ಯಾರು ಕೇಳುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತೇವೆ (ನಮ್ಮಲ್ಲಿ 7), ಬೇಡವೆಂದರೆ ಔಷಧಕ್ಕೆ ತೊಂದರೆಯಿಲ್ಲ. ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ. ಹತ್ತರಲ್ಲಿ ಏಳೆಂಟು ಜನ ಒಪ್ಪಿದರು. ಒಪ್ಪದವರಲ್ಲಿ ಹೆಚ್ಚಿನವರು ಓದಿದವರು. ಒಪ್ಪಿಗೆ ಕೇಳುವ ಮೊದಲು ರೋಗಿಯ ಕೈಗೇ ರೆಕಾರ್ಡರ್ ಕೊಟ್ಟು ಆಫ್ ಮಾಡುವ ಗುಂಡಿ ತೋರಿಸಿ. ಇಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ.

ಸೂಪರ್‌ವಿಷನ್ನಿನಲ್ಲಿ ರೆಕಾರ್ಡಿಂಗ್ ಕೇಳುವುದು ಹತ್ತೇ ನಿಮಿಷ: ಐದು ನಿಮಿಷ ಇಂಟರ್ನ್ ಆರಿಸಿದ್ದು, ಐದು ಸೂಪರ್‌ವೈಸರ್ ಆರಿಸಿದ್ದು. ಇಂಟರ್ನ್ ಆರಿಸುವುದು ಯಾವಾಗಲೂ ಚೆನ್ನಾಗಿ ಹೋದ ಭಾಗ, ಅದನ್ನೂ ಮನಸ್ಸಿಟ್ಟು ಕೇಳಬೇಕು. ಸೂಪರ್‌ವೈಸರ್ ಯಾವ ಐದು ನಿಮಿಷ ಎತ್ತಬೇಕು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಮುಂದಿನ ಬ್ಯಾಚಿಗೆ ಅದು ತಿಳಿಯಬಾರದು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ನಡುವೆ ಮಾಡಿ ನೋಡಿದ ಒಂದು ಪ್ರಯೋಗ. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರೆ ಎಲ್ಲರೂ ‘ಹತ್ತು’ ಎನ್ನುತ್ತಾರೆ. ಆದರೆ ಅದೇ ಜನ ತಾವಾಗಿ ‘ಎಂಟಾಣೆ ಕಡಿಮಿ ಆಗೇದರಿ’ ಎನ್ನುತ್ತಾರೆ. ಹಾಗಾಗಿ ರೂಪಾಯಿಗೆ ಎಷ್ಟಾಣೆ ಎಂದು ಕೇಳಲು ಶುರುಮಾಡಿದೆವು: ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಐವತ್ತು ದಾಟಿದವರಲ್ಲಿ ಉತ್ತರ ದಿನದಿಂದ ದಿನಕ್ಕೆ ನಿಜವಾಗಿ ಬದಲಾಯಿತು, ದುಃಖಕ್ಕೂ ನಿದ್ದೆಗೂ ಅದೇ ಅಳತೆ ನಡೆಯಿತು. ಇಪ್ಪತ್ತೈದರ ಹುಡುಗರಿಗೆ ಆಣೆ ಗೊತ್ತಿಲ್ಲ. ಅವರಿಗೆ ಮೊಬೈಲ್ ಚಾರ್ಜ್ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಕೇಳಿದೆವು, ಸುಸ್ತಿಗೆ ಅದು ಸರಿಹೋಯಿತು, ನೋವಿಗೆ ಸರಿಹೋಗಲಿಲ್ಲ.

ಫಾಲೋ-ಅಪ್ಪಿನಲ್ಲಿ ಸೋತದ್ದು ಹೆಚ್ಚು. ಗೋವಾದಲ್ಲೇ ಪರೀಕ್ಷಿಸಿದ, ಖಿನ್ನತೆಗೆ ಮಾತಿನ ಮೂಲಕ ಕೊಡುವ ಎಚ್‌ಎಪಿ ಚಿಕಿತ್ಸೆಗೆ 6ರಿಂದ 8 ಸಿಟ್ಟಿಂಗ್ ಬೇಕು, ನಮ್ಮವರು ಎರಡಕ್ಕೇ ಮಾಯ. ಒಂದು ದಿನ ಬಂದರೆ ಒಂದು ದಿನದ ಪಗಾರ ಹೋಗುತ್ತದೆ, ಅದಕ್ಕೆ ಯಾವ ಕೌನ್ಸೆಲಿಂಗೂ ಸಮವಲ್ಲ. ಸಕ್ಕರೆ ಗುಳಿಗೆ, ಟಿಬಿ ಗುಳಿಗೆ ತೆಗೆದುಕೊಳ್ಳುವ ದಿನಕ್ಕೇ ನಮ್ಮ ಭೇಟಿ ಕಟ್ಟಿದೆವು. ಪಂಚಮಿ, ಯುಗಾದಿ, ಯಲ್ಲಮ್ಮನ ಜಾತ್ರೆಯ ವಾರಗಳನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಹೊಡೆದುಹಾಕಿದೆವು. ಇಂಟರ್ನ್‌ಗಳ ರಜೆಯೂ ಆಗಲೇ. ಡಯಾಲಿಸಿಸ್‌ನಲ್ಲಿ ಈ ಕಷ್ಟವಿಲ್ಲ, ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ 4 ಗಂಟೆ ರೋಗಿ ಅಲ್ಲೇ ಇರುತ್ತಾರೆ. ಅಲ್ಲಿ ಇರದೇ ಇರುವುದು ಏಕಾಂತ. ಮೆಷೀನಿನ ಎರಡನೇ ಗಂಟೆಯಲ್ಲಿ, ಪಕ್ಕದವರು ನಿದ್ದೆ ಹೋದಾಗ ಮಾತು ಶುರುಮಾಡಬೇಕು. ಕೊನೆಯ ಗಂಟೆಯಲ್ಲಿ ಬಿಪಿ ಇಳಿದು ಸುಸ್ತಾಗಿರುತ್ತಾರೆ, ಆಗ ಪ್ರಶ್ನೆ ಕೇಳಬಾರದು.

ಟೆಸ್ಟಿಂಗ್ ಬಗ್ಗೆ ಬಂದ ಆಕ್ಷೇಪ ಅರ್ಧ ನಿಜ ಎಂದೆನಲ್ಲ. ವಾರ್ಡಿನಲ್ಲಿ ಶಾಯಿಯ ಕಲೆ ತೋರಿಸಿ ಕೇಳುವ, ಎರಡು ಗಂಟೆಯ ರೋರ್ಶಾಕ್ ಟೆಸ್ಟ್ ಹಾಕಲು ಆಗುವುದಿಲ್ಲ, ಪೂರ್ತಿ ಐಕ್ಯೂ ಟೆಸ್ಟೂ ಇಲ್ಲ. ಮೊದಲ ಬ್ಯಾಚಿನವರು ಇದರಲ್ಲಿ ನಿಜಕ್ಕೂ ಹಿಂದುಳಿದರು. ಆಮೇಲೆ ಶನಿವಾರ ಇಡೀ ದಿನ ಟೆಸ್ಟಿಂಗಿಗೇ ಇಟ್ಟು, ಸ್ಟ್ರೋಕ್ ಕ್ಲಿನಿಕ್ಕಿನಿಂದ ಇಬ್ಬರು ರೋಗಿಗಳನ್ನು ಕರೆಸಿದೆವು. ಅಕ್ಷರ ಬಾರದವರಿಗೆ ಮೋಕಾ (ನೆನಪು, ಯೋಚನಾಶಕ್ತಿ ಅಳೆಯುವ ಟೆಸ್ಟ್) ಹಾಕಿಸುವುದಿಲ್ಲ, ಅದರಲ್ಲಿನ ಗಡಿಯಾರ ಬಿಡಿಸಲು ಬಾರದಿದ್ದರೆ ಅದು ಮಿದುಳಿನ ದೋಷವಲ್ಲ, ಶಾಲೆಯ ಮುಖ ನೋಡದ್ದರ ಫಲ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರಿಸುತ್ತಾರೆ ಎನ್ನುವುದು, ಸಂತೆಯ ಚಿಲ್ಲರೆ ಲೆಕ್ಕ, ಹತ್ತು ವಸ್ತು ನೆನಪಿಟ್ಟು ಅರ್ಧ ಗಂಟೆಯ ನಂತರ ಹೇಳುವುದು, ಇವುಗಳಿಂದ ಶುರು.

ಲಂಬಾಣಿ ರೋಗಿಗಳ ಮಟ್ಟಿಗೆ ಈ ಪದ್ಧತಿ ಇನ್ನೂ ಕುಂಟುತ್ತಿದೆ. ಅವರಿಗೆ ಕನ್ನಡ ಎರಡನೇ ಮಾತು, ಹಿಂದಿ ಮೂರನೆಯದು. ‘ಸಾಕಾಗೇದ’ ಎಂಬಂಥ ಮಾತು ಅವರ ಬಾಯಲ್ಲಿ ಯಾವುದು ಎನ್ನುವುದೇ ನಮಗೆ ತಿಳಿಯದೆ ಸ್ಕೋರು ಹಾಕುತ್ತಿದ್ದೆವು. ಈ ವರ್ಷ ವಾರ್ಡಿನ ಅಟೆಂಡರ್ ಒಬ್ಬರ ನೆರವಿನಿಂದ ನಿದ್ದೆ, ಎದೆ, ಹೊಟ್ಟೆ, ಸಿಟ್ಟು, ಸಾವು ಈ ಐದು ತಲೆಬರಹದಡಿ ಅವರ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇವೆ. ಎರಡೂವರೆ ಪುಟ ತುಂಬಿದೆ. ಮುಂದಿನ ಬ್ಯಾಚಿಗೆ ಕುರ್ಚಿಯ ಜೊತೆ ಆ ನೋಟ್‌ಬುಕ್ಕೂ ಹೋಗುತ್ತದೆ.