ಕಷ್ಟದ ಆಪರೇಷನ್‌ಗೆ ಸರ್ಜನ್ ಹುಡುಕುವ ಮುನ್ನ ಕಡತ ಸಿದ್ಧ ಮಾಡಿ

ಕೋಲಾರ ಬಸ್ ನಿಲ್ದಾಣದಲ್ಲಿ ನಸುಕಿಗೆ ಬೆಂಗಳೂರು ಬಸ್ ಕಾಯುವವರಲ್ಲಿ ಎಂಆರ್‌ಐ ಫಿಲ್ಮನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡವರು ಒಬ್ಬರಾದರೂ ಕಾಣುತ್ತಾರೆ. ಚಿಕ್ಕಪ್ಪನ ಮೆದುಳಿನ ಗೆಡ್ಡೆಗೆ ಸರ್ಜನ್ ಹುಡುಕುವಾಗ ನಾವೂ ಹಾಗೆಯೇ ಹೊರಟಿದ್ದೆವು. ‘ಸಿಡಿ ಎಲ್ಲಿ?’ ಎಂದು ಡಾಕ್ಟರು ಕೇಳಿದರು. ನಾವು ಅದನ್ನು ಪಡೆದೇ ಇರಲಿಲ್ಲ. ಊರಿಗೆ ಮರಳಿ, ಸಿಡಿ ತಂದು, ಮತ್ತೆ ಸರದಿ ಸಿಗುವಷ್ಟರಲ್ಲಿ ಹನ್ನೆರಡು ದಿನ ಕಳೆದಿದ್ದವು. ಆಮೇಲೆ ಪರಿಚಯದ ಎಷ್ಟೋ ಮನೆಯವರು ಇದೇ ತಪ್ಪು ಮಾಡುವುದನ್ನು ಕಂಡೆ. ಎಲ್ಲರೂ ಮೊದಲು ದೊಡ್ಡ ಡಾಕ್ಟರ ಹೆಸರು ವಿಚಾರಿಸುತ್ತಾರೆ. ಮೊದಲು ಆಗಬೇಕಾದದ್ದು ಕಡತ. (ದಿಢೀರನೆ ಕೈಕಾಲು ಸೋತರೆ, ಎದೆನೋವು ಬಂದರೆ ಕಡತಕ್ಕೆ ಕಾಯಬೇಡಿ, 108ಕ್ಕೆ ಕರೆ ಮಾಡಿ.)

ಈಗ ನೋಡುತ್ತಿರುವ ಡಾಕ್ಟರಿಂದ ಕಾಯಿಲೆಯ ಹೆಸರನ್ನು ಅಚ್ಚುಕಟ್ಟಾಗಿ ಬರೆಸಿಕೊಳ್ಳಿ. ಅದು ಐದು ನಿಮಿಷದ ಕೆಲಸ.

ಇನ್ನು ಕಡತ. ಫಿಲ್ಮಿನಲ್ಲಿ ಇರುವುದು ಆಯ್ದ ಚಿತ್ರಗಳು ಮಾತ್ರ, ಸಿಡಿಯಲ್ಲಿ ಸ್ಕ್ಯಾನಿನ ಎಲ್ಲ ಚಿತ್ರಗಳೂ ಇರುತ್ತವೆ. ಸರ್ಜನ್‌ಗೆ ಬೇಕಾದದ್ದು ಆ ಚಿತ್ರಗಳೇ. ರಿಪೋರ್ಟ್ ಇನ್ನೊಬ್ಬ ಡಾಕ್ಟರ ಅಭಿಪ್ರಾಯ. ಸಿಡಿಯನ್ನು ಸ್ಕ್ಯಾನ್ ಕೇಂದ್ರದಲ್ಲೇ ಕೇಳಿ ಪಡೆಯಿರಿ, ಅಲ್ಲಿಯೇ ತೆರೆಸಿ ನೋಡಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆದು ಕಳುಹಿಸುವ ಅಡ್ಡದಾರಿ ಬೇಡವೇ ಬೇಡ. ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದ್ದರೆ ರಿಪೋರ್ಟ್ ಸಾಲದು, ಆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡ್ ಮತ್ತು ಉಳಿದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಕೇಳಿ. ದೊಡ್ಡ ಆಸ್ಪತ್ರೆಯವರು ತಾವೇ ಮತ್ತೆ ಪರೀಕ್ಷಿಸುತ್ತಾರೆ. ಹಳೆಯ ಆಸ್ಪತ್ರೆ ದಾಖಲೆ ಕೊಡಲು ಸತಾಯಿಸಿದರೆ ಲಿಖಿತ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿಯೇ ಹೇಳುತ್ತದೆ.

ಇವೆಲ್ಲದರ ಮೇಲೆ ಒಂದೇ ಒಂದು ಹಾಳೆ ಇರಲಿ. ಯಾವ ತಿಂಗಳು ಏನು ಶುರುವಾಯಿತು, ಯಾವಾಗ ಯಾವ ಪರೀಕ್ಷೆ ಆಯಿತು, ಈಗ ನುಂಗುತ್ತಿರುವ ಮಾತ್ರೆ ಯಾವುದು, ಎಷ್ಟು ಮಿಲಿಗ್ರಾಂ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ, ಹಿಂದಿನ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಲ್ಯಾಮಿನೇಷನ್ ಮಾಡಿಸಲೇಬೇಡಿ: ಚಿಕ್ಕಪ್ಪನ ಇಸಿಜಿ ಕಾಗದ ಆ ಯಂತ್ರದ ಬಿಸಿಗೆ ಪೂರಾ ಕಪ್ಪಾಗಿ ಹೊರಬಂತು. ಜೆರಾಕ್ಸ್ ಮಾಡಿಸಿಟ್ಟರೆ ಸಾಕು.

ಎಲ್ಲಿಗೆ ಹೋಗುವುದೆಂಬುದು ಇದಕ್ಕಿಂತ ಸುಲಭ. ಮೆದುಳು, ನರಕ್ಕೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ನಮ್ಮ ಕಡೆಯಿಂದ ಹೋಗುವವರಿಗೆ ಹತ್ತಿರವಾಗುವ ವೈಟ್‌ಫೀಲ್ಡ್‌ನ ಸತ್ಯ ಸಾಯಿ ಆಸ್ಪತ್ರೆಯಲ್ಲಿ ಹೃದಯ ಮತ್ತು ನರದ ಶಸ್ತ್ರಚಿಕಿತ್ಸೆ ಉಚಿತ. ಗೇಟಿನ ಬಳಿ ‘ಬೇಗ ತೋರಿಸಿಕೊಡುತ್ತೇನೆ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತಲ್ಲದ ದೊಡ್ಡ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಆದ್ದರಿಂದ ಹೊರಡುವ ಮೊದಲೇ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಸರ್ಜನ್ ಎದುರು ಇಬ್ಬರು ಕುಳಿತುಕೊಳ್ಳಿ, ಒಬ್ಬರು ಕೇಳಲಿ, ಒಬ್ಬರು ಬರೆದುಕೊಳ್ಳಲಿ. ‘ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಮಾಡಿಸದಿದ್ದರೆ ಏನಾಗುತ್ತದೆ? ಮಾತು, ನಡಿಗೆಗೆ ತೊಂದರೆ ಆಗಬಹುದೇ? ಐಸಿಯು ಎಷ್ಟು ದಿನ?’ ಎಂದು ಸಂಕೋಚಪಡದೆ ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಸಿಡುಕಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಇಬ್ಬರ ಮಾತೂ ಬೇರೆಯಾದರೆ ಮೂರನೆಯವರ ಬಳಿ ಹೋಗಿ. ಎದ್ದು ಬರುವ ಮುನ್ನ ಇನ್ನೊಂದು ಕೇಳಿ: ಹೊಲಿಗೆ ಬಿಚ್ಚುವುದು, ಡ್ರೆಸಿಂಗ್ ಮಾಡಿಸುವುದು ಕೋಲಾರದಲ್ಲೇ ಆಗುತ್ತದೆಯೇ? ಆಗುವುದಾದರೆ ಇಲ್ಲಿನ ಡಾಕ್ಟರಿಗೆ ಪತ್ರ ಬರೆಸಿಕೊಂಡು ಕಡತಕ್ಕೆ ಸೇರಿಸಿ.