ಪಿಎ ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೊರಟವರಿಗೆ

ಅಮೆರಿಕದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ವೈದ್ಯರ ಜತೆ ಸೇರಿ ರೋಗಿಗಳನ್ನು ನೋಡಿ ಚಿಕಿತ್ಸೆ ಕೊಡುವವರು) ಓದು ಮುಗಿಸಿ, ಮನೆಯವರ ಕೆಲಸಕ್ಕೋ ಇನ್ನಾವುದಕ್ಕೋ ಬೇರೆ ರಾಜ್ಯಕ್ಕೆ ಹೋಗುತ್ತಿದ್ದೀರಾ? ಹಾಗಾದರೆ ಕೆಲಸ ಸಿಕ್ಕ ಮೇಲೂ ಸೇರಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂಬುದು ಮೊದಲೇ ಗೊತ್ತಿರಲಿ. ಕಾಗದಪತ್ರ ಯಾವ ಕ್ರಮದಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಆ ಕಾಯುವಿಕೆ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ.

ಭಾರತದ ಪದವಿಯಿಂದಲೇ ಇಲ್ಲಿ ಪಿಎ ಆಗಬಹುದೇ ಎಂದು ಹಲವರು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ: ಭಾರತದ ಎಂಬಿಬಿಎಸ್ ಆಗಲಿ, ಅಲ್ಲಿನ ಪಿಎ ಪದವಿಯಾಗಲಿ ಇಲ್ಲಿ ನಡೆಯುವುದಿಲ್ಲ. ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಕೋರ್ಸು ಮುಗಿಸಿದವರು ಮಾತ್ರ ಪ್ಯಾನ್ಸ್ ಎಂಬ ಅರ್ಹತಾ ಪರೀಕ್ಷೆಗೆ ಕೂರಬಹುದು. ಅಡ್ಡದಾರಿ ತೋರಿಸುತ್ತೇವೆ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ.

ಪ್ಯಾನ್ಸ್ ನಡೆಸುವುದು ಪಿಎಗಳಿಗೆ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಸಿಪಿಎ. 60 ಪ್ರಶ್ನೆಗಳ ಐದು ಭಾಗ, ಒಟ್ಟು 300. ಶುಲ್ಕ 550 ಡಾಲರ್. ಕೋರ್ಸು ಮುಗಿದ ಏಳು ದಿನಗಳ ನಂತರ ಬರೆಯಬಹುದು, ಫಲಿತಾಂಶ ಸಾಮಾನ್ಯವಾಗಿ ಎರಡು ವಾರದೊಳಗೆ ಬರುತ್ತದೆ. ಅಷ್ಟರಲ್ಲಿ ಹೋಗಬೇಕಾದ ರಾಜ್ಯದ ಲೈಸೆನ್ಸ್ ಅರ್ಜಿ ತೆರೆದಿಟ್ಟಿರಿ. ಕಾಲೇಜು ನೇರವಾಗಿ ಲೈಸೆನ್ಸ್ ಕೊಡುವ ಮಂಡಳಿಗೆ ಕಳಿಸಬೇಕಾದ ಫಾರಂ, ಅಂಕಪಟ್ಟಿ, ಬೆರಳಚ್ಚು ಇವೇ ಹೆಚ್ಚಾಗಿ ತಡವಾಗುವುದು. ಹೊರರಾಜ್ಯದಿಂದ ಶಾಯಿಯಲ್ಲಿ ಒತ್ತಿದ ಬೆರಳಚ್ಚಿನ ಕಾರ್ಡು ಕಳಿಸಿದರೆ ಮಸುಕಾಗಿದೆ ಎಂದು ವಾಪಸ್ಸು ಬರುವುದುಂಟು. ಆ ರಾಜ್ಯದಲ್ಲಿ ಡಿಜಿಟಲ್ ವ್ಯವಸ್ಥೆ ಇದ್ದರೆ ಅಲ್ಲಿಗೆ ಒಮ್ಮೆ ಹೋದಾಗಲೇ ಮುಗಿಸಿಬಿಡಿ. ಟೆಕ್ಸಾಸ್‌ನಲ್ಲಿ ರಾಜ್ಯದ ಕಾನೂನಿನ ಮೇಲೆ ಪ್ರತ್ಯೇಕ ಪರೀಕ್ಷೆಯೂ ಇದೆ.

ನಮ್ಮವರಿಗೆ ನಿಜವಾದ ತಲೆನೋವು ಹೆಸರಿನದು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುವವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ, ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಮೊದಲ ಹೆಸರಿನಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಡಿಪ್ಲೊಮಾದಲ್ಲಿ ಒಂದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು, ಮದುವೆಯ ನಂತರ ಮತ್ತೊಂದು. ಎನ್‌ಸಿಸಿಪಿಎ ಖಾತೆಯ ಹೆಸರಿಗೂ ಗುರುತಿನ ಚೀಟಿಗೂ ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಕಾಲೇಜಿನಲ್ಲಿರುವಾಗಲೇ ಒಂದು ರೂಪ ಆರಿಸಿಕೊಂಡು ಎಲ್ಲ ಕಡೆ ಅದನ್ನೇ ತಿದ್ದಿಸಿ.

ಆಸ್ಪತ್ರೆಗಳು ಕೇಳುವ ಲಸಿಕೆ ದಾಖಲೆಯದೂ ಇಂಥದೇ ಕತೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಕ್ಷಯದ ಚರ್ಮ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು, ಆಗ ಎಕ್ಸ್‌ರೇ ಅದೂ ಇದೂ ಎಂದು ದಿನ ಹೋಗುತ್ತದೆ. ರಕ್ತ ಪರೀಕ್ಷೆಯನ್ನೇ ಕೇಳಿ.

ಲೈಸೆನ್ಸ್ ಬಂದ ಮೇಲೆ ಎನ್‌ಪಿಐ ಸಂಖ್ಯೆ (ಬಿಲ್ಲಿಗೆ ಬೇಕಾದ ಗುರುತಿನ ಸಂಖ್ಯೆ) ಪಡೆಯಿರಿ, ಅದು ಉಚಿತ. ನಿಯಂತ್ರಿತ ಔಷಧಗಳನ್ನು ಬರೆಯಲು ಬೇಕಾದ ಡಿಇಎ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿಗೆ ಮಾತ್ರ ಅವಸರ ಬೇಡ. ಮೂರು ವರ್ಷಕ್ಕೆ 888 ಡಾಲರ್, ಅದೂ ಒಂದೇ ರಾಜ್ಯಕ್ಕೆ ಸೀಮಿತ. ಓದಿದ ರಾಜ್ಯದ ವಿಳಾಸದಲ್ಲಿ ಮಾಡಿಸಿದರೆ ಹೊಸ ರಾಜ್ಯದಲ್ಲಿ ಕೆಲಸಕ್ಕೆ ಬಾರದು. ಉದ್ಯೋಗದಾತರೇ ಕಟ್ಟುತ್ತಾರೆಯೇ ಎಂದು ಕೇಳಿ. ಇಲಿನಾಯ್, ಮ್ಯಾಸಚೂಸೆಟ್ಸ್‌ನಂಥ ಕಡೆ ರಾಜ್ಯದ್ದೇ ಇನ್ನೊಂದು ನೋಂದಣಿಯೂ ಬೇಕು. ಡಿಇಎ ಕೇಳುವ 8 ಗಂಟೆಯ ವ್ಯಸನ ಚಿಕಿತ್ಸಾ ತರಬೇತಿ ನಿಮ್ಮ ಪಠ್ಯದಲ್ಲೇ ಆಗಿದ್ದರೆ ಕಾಲೇಜಿನಿಂದ ಪತ್ರ ಪಡೆದಿಟ್ಟುಕೊಳ್ಳಿ.

ಉಳಿದ ಕಾಲವನ್ನು ನುಂಗುವುದು ಕ್ರೆಡೆನ್ಷಿಯಲಿಂಗ್, ಅಂದರೆ ಆಸ್ಪತ್ರೆಯೂ ವಿಮಾ ಕಂಪನಿಗಳೂ ನಿಮ್ಮ ಅರ್ಹತೆ ಪರಿಶೀಲಿಸುವ ಕೆಲಸ. ವಿಮಾ ಕಂಪನಿಗಳು ನಿಮ್ಮನ್ನು ಪಟ್ಟಿಗೆ ಸೇರಿಸುವ ತನಕ ನಿಮ್ಮ ಹೆಸರಲ್ಲಿ ಬಿಲ್ಲು ಹೋಗದು, ಹಾಗಾಗಿ ಆಸ್ಪತ್ರೆಯೂ ಸೇರಿಸಿಕೊಳ್ಳದು. ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ವಿಮಾ ಕಂಪನಿಗಳು ನಿಮ್ಮ ವಿವರ ನೋಡುವ ಸಿಎಕ್ಯುಎಚ್ ಎಂಬ ತಾಣದ ಪ್ರೊಫೈಲನ್ನು ಸಾಮಾನ್ಯವಾಗಿ 120 ದಿನಕ್ಕೊಮ್ಮೆ ದೃಢೀಕರಿಸಬೇಕು; ಮರೆತರೆ ಕಡತ ಯಾರಿಗೂ ಹೇಳದೆ ಕೇಳದೆ ನಿಂತುಬಿಡುತ್ತದೆ.

ವಿದ್ಯಾರ್ಥಿ ವೀಸಾದವರಿಗೆ ಈ ವಿಳಂಬ ದುಬಾರಿ. ಒಪಿಟಿ (ಓದು ಮುಗಿಸಿದವರಿಗೆ ಸಿಗುವ ಕೆಲಸದ ಅನುಮತಿ) 12 ತಿಂಗಳು, ಪಿಎ ಓದಿಗೆ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ಪದವಿಗಳಿಗೆ ಸಿಗುವ) ವಿಸ್ತರಣೆ ಇಲ್ಲ, ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಒಪಿಟಿ ಆರಂಭದ ದಿನವನ್ನು ಕೋರ್ಸು ಮುಗಿದ 60 ದಿನದೊಳಗೆ ಎಷ್ಟು ಮುಂದಕ್ಕೆ ಹಾಕಲು ಸಾಧ್ಯವೋ ಅಷ್ಟು ಹಾಕಿ. ಎಚ್-1ಬಿ ಕೆಲಸದ ವೀಸಾ ಲಾಟರಿಯ ನೋಂದಣಿ ಮಾರ್ಚಿನಲ್ಲಿ. ಆಯ್ಕೆಯಾದರೂ ಕೆಲಸ ಅಕ್ಟೋಬರ್ 1ರಿಂದ. ವಿಶ್ವವಿದ್ಯಾಲಯಗಳಿಗೂ ಅವುಗಳ ಜತೆ ಸಂಯೋಜಿತವಾದ ಲಾಭರಹಿತ ಆಸ್ಪತ್ರೆಗಳಿಗೂ ಆ ಲಾಟರಿ ಇಲ್ಲ, ಮೊದಲು ಅಲ್ಲಿಯೇ ಅರ್ಜಿ ಹಾಕಿ. ಇಲ್ಲೇ ಓದಿದ್ದರೂ ಪಿಎಗಳಿಗೆ ಈ ವೀಸಾಕ್ಕೆ ವೀಸಾಸ್ಕ್ರೀನ್ (ಆರೋಗ್ಯ ವೃತ್ತಿಯವರ ಅರ್ಹತೆ ಪರಿಶೀಲಿಸಿ ಕೊಡುವ) ಪ್ರಮಾಣಪತ್ರ ಬೇಕಾಗುತ್ತದೆ. ಇದನ್ನು ವಕೀಲರೂ ಕೆಲವೊಮ್ಮೆ ಮರೆಯುತ್ತಾರೆ.

ಕೆಲಸ ಹುಡುಕುವಾಗ ‘ಫಿಸಿಶಿಯನ್ ಅಸೋಸಿಯೇಟ್’ ಹೆಸರನ್ನೂ ಹಾಕಿ ನೋಡಿ. 2024ರಲ್ಲಿ ಆರಿಗನ್ ರಾಜ್ಯ ಪಿಎ ವೃತ್ತಿಯ ಹೆಸರನ್ನು ಹೀಗೆ ಬದಲಾಯಿಸಿತು. ರೆಸ್ಯುಮೆ ಒಂದು ಪುಟ ಸಾಕು: ಆಸ್ಪತ್ರೆ ತರಬೇತಿಯ ರೊಟೇಶನ್‌ಗಳು, ಎಷ್ಟು ವಾರ, ಕೈಯಾರೆ ಮಾಡಿದ ಪ್ರೊಸೀಜರ್‌ಗಳು. ಫೋಟೊ, ಜನ್ಮದಿನಾಂಕ, ಮದುವೆಯ ವಿವರ ಬೇಡ. ಹೊಸ ಊರಲ್ಲಿ ನಿಮ್ಮನ್ನು ಬಲ್ಲವರಿಲ್ಲ, ಆದ್ದರಿಂದ ಊರು ಬಿಡುವ ಮುನ್ನ ನಿಮಗೆ ತರಬೇತಿ ಕೊಟ್ಟ ಇಬ್ಬರು ಮೂವರು ಪ್ರಿಸೆಪ್ಟರ್‌ಗಳಿಂದ ಪತ್ರ ಮತ್ತು ಫೋನ್ ಎತ್ತುವ ಭರವಸೆ, ಎರಡನ್ನೂ ಪಡೆಯಿರಿ.

ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು: ಮೊದಲ ಮೂರು ತಿಂಗಳು ದಿನಕ್ಕೆ ಎಷ್ಟು ರೋಗಿಗಳು, ಸಂದೇಹ ಬಂದಾಗ ಯಾವ ಡಾಕ್ಟರು ಅದೇ ಕಟ್ಟಡದಲ್ಲಿ ಇರುತ್ತಾರೆ? ಇದಕ್ಕೆ ಹಾರಿಕೆಯ ಉತ್ತರ ಬಂದರೆ ಹೊಸಬರು ಆ ಕೆಲಸ ಬಿಡುವುದೇ ಲೇಸು. ಕರಾರಿನಲ್ಲಿ, ಚಿಕಿತ್ಸೆಯ ತಪ್ಪಿಗೆ ಹೂಡುವ ದಾವೆಗೆ ಆಗುವ ಮಾಲ್‌ಪ್ರಾಕ್ಟಿಸ್ ವಿಮೆ ‘ಕ್ಲೇಮ್ಸ್-ಮೇಡ್’ (ವಿಮೆ ಜಾರಿಯಲ್ಲಿರುವಾಗ ಬಂದ ದಾವೆಗೆ ಮಾತ್ರ) ಎಂದಿದ್ದರೆ, ನೀವು ಕೆಲಸ ಬಿಟ್ಟ ನಂತರ ಬರುವ ದಾವೆಗೆ ‘ಟೇಲ್’ ವಿಮೆ ಬೇಕು. ಅದರ ಹಣ ಅವರೇ ಕಟ್ಟುತ್ತಾರೆ ಎಂದು ಸಹಿಗೆ ಮೊದಲು ಬರೆಸಿಕೊಳ್ಳಿ.